ಗೀಸರ್ ಹಾಕಿದರೆ ಆರ್‌ಸಿಸಿಬಿ ಬೀಳುತ್ತೆ, ಪೂರ್ತಿ ವೈರಿಂಗ್‌ಗೆ 78,000 ಅಂತೆ! ಸಹಾಯ ಮಾಡಿ

ಬೆಳಗಿನ_ಬಿಸಿನೀರು:
ತಲೆ ಕೆಟ್ಟು ಹೋಗಿದೆ. ಹತ್ತು ದಿನದಿಂದ ಗೀಸರ್ ಸ್ವಿಚ್ ಒತ್ತಿದ ಎರಡೇ ಸೆಕೆಂಡಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು) ಬಿದ್ದು ಮನೆಯೆಲ್ಲ ಕತ್ತಲು. ಮಗಳು ತಣ್ಣೀರಲ್ಲಿ ಮುಖ ತೊಳೆದು ಸ್ಕೂಲಿಗೆ ಹೋಗುತ್ತಿದ್ದಾಳೆ. ಎಲೆಕ್ಟ್ರಿಷಿಯನ್ ಬಂದ, ಡಿಬಿ (ಈ ಸ್ವಿಚ್ಚುಗಳಿರೋ ಪೆಟ್ಟಿಗೆ) ಮುಚ್ಚಳ ತೆಗೆದ, ಟಾರ್ಚ್ ಹಾಕಿ ನೋಡಿದ, 300 ತಗೊಂಡ. "ಸಾರ್, ಹಳೇ ವೈರಿಂಗು, ಪೂರ್ತಿ ಬದಲಿಸ್ಬೇಕು, 78,000 ಆಗುತ್ತೆ" ಅಂದ. ಮನೆ ಕಟ್ಟಿದ್ದು 2009ರಲ್ಲಿ, ಅಷ್ಟೇನೂ ಹಳೇದಲ್ಲ. ಶಿವಮೊಗ್ಗ. ಗೋಡೆ ಒಡೆದ ಮೇಲೆ ಪೇಂಟಿನ ಖರ್ಚು ಬೇರೆ. ಈ ರೇಟು ನ್ಯಾಯವಾ?

ಹಳೇ_ಟೆಸ್ಟರ್:
ಗೀಸರ್ ಎಲಿಮೆಂಟ್. ಬೋರ್ ನೀರಲ್ವಾ? ಸುಣ್ಣ ಕಟ್ಟಿ ಕೊಳವೆ ಸೀಳಿರುತ್ತೆ, ಒಳಗೆ ನೀರು ಇಳಿದು ಲೀಕೇಜ್. ಕಣ್ಣು ಮುಚ್ಚಿಕೊಂಡು ಬದಲಿಸಿ.

ಡಿಬಿ_ಪ್ರೇಮಿ:
ಗೀಸರಿಗೆ ಬೇರೆ ಸರ್ಕ್ಯೂಟ್ ಇದೆಯಾ? 2 ಕಿಲೋವ್ಯಾಟ್ ಅಂದರೆ 8.7 ಆಂಪ್ಸ್ ಎಳೆಯುತ್ತೆ.

ಬೆಳಗಿನ_ಬಿಸಿನೀರು:
ಬೇರೆ ಇದೆ. 2.5 ಸ್ಕ್ವೇರ್ ಎಂಎಂ ವೈರು, 16 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳೋ ಸ್ವಿಚ್ಚು). ಎಂಸಿಬಿ ಒಂದು ದಿನವೂ ಬಿದ್ದಿಲ್ಲ. ಎಲಿಮೆಂಟ್ ಬದಲಿಸಿ ನೋಡುತ್ತೇನೆ.

ಬೆಳಗಿನ_ಬಿಸಿನೀರು:
ಎಲಿಮೆಂಟ್ 650, ಕೂಲಿ 350. ಮೊದಲ ದಿನ ಬಿಸಿನೀರು ಬಂತು, ಮನೆಯಲ್ಲಿ ಹಬ್ಬ. ಮರುದಿನ ಮತ್ತೆ ಅದೇ ಕಥೆ. ನಿನ್ನೆ ಸಂಜೆ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದಾಗಲೂ ಬಿತ್ತು.

ಹಳೇ_ಟೆಸ್ಟರ್:
ಲೋಕಲ್ ಎಲಿಮೆಂಟ್ ಹಾಕಿರಬೇಕು. ಕಂಪನಿದು ಹಾಕಿ.

ಶಾರ್ಟ್‌ಕಟ್:
ಇದಕ್ಕೆಲ್ಲ ಯಾಕೆ ದುಡ್ಡು ಸುರೀತೀರಿ? ಆ ಇಎಲ್‌ಸಿಬಿ ತೆಗೆದು ಐಸೊಲೇಟರ್ (ಬರೀ ಆನ್-ಆಫ್ ಸ್ವಿಚ್ಚು) ಹಾಕಿಸಿ, ನೆಮ್ಮದಿ. ನಮ್ಮ ಮನೇಲಿ ಆರು ವರ್ಷದಿಂದ ಹಾಗೇ ಇದೆ.

ತಟಸ್ಥ_ತಂತಿ:
ಮಾರಾಯ್ರೆ, ಬಾತ್‌ರೂಮಿನ ವಿಷಯದಲ್ಲಿ ಇಂಥ ಸಲಹೆ ಕೊಡಬೇಡಿ. ಅರ್ಥ್ ಪಿಟ್ (ಅರ್ಥ್ ವೈರು ನೆಲಕ್ಕೆ ಸೇರೋ ಗುಂಡಿ) 5 ಓಮ್ ಇದೆ ಅಂದುಕೊಳ್ಳಿ. ಫೇಸ್ (ಕರೆಂಟ್ ಬರೋ ವೈರು) ಗೀಸರಿನ ಲೋಹದ ಮೈಗೆ ತಾಗಿದರೂ ಹರಿಯೋದು 230 ಭಾಗಿಸು 5, ಅಂದರೆ 46 ಆಂಪ್ಸ್. 16 ಆಂಪ್ಸಿನ ಎಂಸಿಬಿ ಅಷ್ಟಕ್ಕೆ ತಟ್ಟನೆ ಬೀಳುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅಷ್ಟು ಹೊತ್ತು ನಲ್ಲಿ ಹಿಡಿದವರ ಗತಿ?

ಡಿಬಿ_ಪ್ರೇಮಿ:
ಅದು ಇಎಲ್‌ಸಿಬಿ ಅಲ್ಲ, ಆರ್‌ಸಿಸಿಬಿ. ಇಎಲ್‌ಸಿಬಿ ಅಂದರೆ ಹಳೇ ಕಾಲದ್ದು, ವೋಲ್ಟೇಜ್ ನೋಡಿ ಬೀಳುತ್ತಿತ್ತು.

ಶಾರ್ಟ್‌ಕಟ್:
ಅಂಗಡೀಲಿ ಇಎಲ್‌ಸಿಬಿ ಅಂದರೇನೇ ಕೊಡೋದು. ಹೆಸರಿಗೆ ಯಾಕೆ ಜಗಳ?

ಡಿಬಿ_ಪ್ರೇಮಿ:
ಅಂಗಡಿಯವರು ಏನಂದರೂ ಸರಿ ಅಂತಲ್ಲ. ನಮ್ಮ ಮನೆಗೆ 16 ವೇ ಡಿಬಿ ಹಾಕಿಸಿದ್ದೇನೆ, ರೂಮಿಗೊಂದು ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡೋದು). ಒಂದು ರೂಮು ಬಿದ್ದರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ. ವೈರಿಗೆಲ್ಲ ಲೇಬಲ್, ತುದಿಗೆ ಹಾಕೋ ಫೆರೂಲ್ ಕೊಳವೆ. ಫೋಟೊ ಹಾಕಲಾ?

ಉಪ್ಪು_ಇದ್ದಿಲು:
ಅರ್ಥಿಂಗ್ ನೋಡಿದಿರಾ? ಪಿಟ್ಟಿಗೆ ನಾಲ್ಕು ಬಕೆಟ್ ನೀರು ಸುರಿಯಿರಿ. ಈಗಿನವರು ಕೆಮಿಕಲ್ ಅರ್ಥಿಂಗ್ ಅಂತ ಕುಣೀತಾರೆ, ಉಪ್ಪು-ಇದ್ದಿಲಿನ ಪಿಟ್ಟಿಗೆ ಸಮ ಯಾವುದೂ ಇಲ್ಲ.

ಡಿಬಿ_ಪ್ರೇಮಿ:
ಉಪ್ಪು ಪೈಪನ್ನೇ ತಿನ್ನುತ್ತೆ ಸಾರ್.

ಉಪ್ಪು_ಇದ್ದಿಲು:
ನಮ್ಮ ತಂದೆ ಹಾಕಿಸಿದ ಪಿಟ್ ಇನ್ನೂ ಗಟ್ಟಿಯಾಗಿದೆ. ನಿಮ್ಮ ಫೆರೂಲ್ ಅಷ್ಟು ದಿನ ಬಾಳುತ್ತಾ ನೋಡೋಣ.

ಬೆಳಗಿನ_ಬಿಸಿನೀರು:
ನೀರೂ ಸುರಿದೆ. ಈಗ ಇನ್ನೂ ಬೇಗ ಬೀಳುತ್ತಿದೆ!! ಇನ್ನೊಂದು ವಿಚಿತ್ರ ಕೇಳಿ. ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಒಂದನ್ನೇ ಮೇಲಿಟ್ಟೆ. ಸಂಜೆ ಏಳು ಗಂಟೆಗೆ ತಾನೇ ಬಿತ್ತು. ಆರ್‌ಸಿಸಿಬಿನೇ ಹೋಗಿದೆ ಅಂತ 2,200 ಕೊಟ್ಟು ಹೊಸದು ಹಾಕಿಸಿದೆ. ಅದೂ ಬಿತ್ತು. ಯಾವ ದೇವರಿಗೆ ಹರಕೆ ಹೊರಲಿ?

ತಟಸ್ಥ_ತಂತಿ:
ಇದನ್ನು ಮೊದಲೇ ಹೇಳಬಾರದಾ ಸಾರ್! ಗೀಸರ್ ಪಾಪ, ಏನೂ ಮಾಡಿಲ್ಲ. ಎಲ್ಲೋ ನ್ಯೂಟ್ರಲ್ಲು (ಕರೆಂಟ್ ವಾಪಸ್ ಹೋಗೋ ವೈರು) ಅರ್ಥಿಗೆ ತಾಗಿದೆ. ನಿಮ್ಮ ಎಂಸಿಬಿಗಳು ಫೇಸನ್ನು ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತೆ. ಲೋಡ್ ಏರಿದಾಗ ನ್ಯೂಟ್ರಲ್ ಅರ್ಥಿಗಿಂತ ಒಂದೆರಡು ವೋಲ್ಟ್ ಮೇಲೇಳುತ್ತೆ, ಕರೆಂಟಿನ ಒಂದು ಪಾಲು ಅರ್ಥ್ ದಾರಿ ಹಿಡಿಯುತ್ತೆ. ಫೇಸ್, ನ್ಯೂಟ್ರಲ್ ಎರಡರ ಕರೆಂಟ್ ಸಮ ಇಲ್ಲದಿದ್ದರೆ ಆರ್‌ಸಿಸಿಬಿ ಬೀಳೋದು. ಸಂಜೆ ಬೀದಿಯವರೆಲ್ಲ ಲೋಡ್ ಹಾಕಿದಾಗ ಲೈನಿನ ನ್ಯೂಟ್ರಲ್ಲೇ ಏರಿರುತ್ತೆ, ನಿಮ್ಮ ಮನೆಯದೆಲ್ಲ ಆಫ್ ಇದ್ದರೂ ಸಾಕು. 30 ಮಿಲಿಆಂಪ್ಸಿನ ಆರ್‌ಸಿಸಿಬಿ ಆ ವ್ಯತ್ಯಾಸ 15 ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. ಪಿಟ್ಟಿಗೆ ನೀರು ಹಾಕಿ ಆ ದಾರಿಯನ್ನು ಇನ್ನೂ ಸಲೀಸು ಮಾಡಿದಿರಿ, ಅಷ್ಟೇ.

ಇತ್ತೀಚೆಗೆ ಮನೆಯಲ್ಲಿ ಏನಾದರೂ ಕೆಲಸ ಮಾಡಿಸಿದಿರಾ?

ಬೆಳಗಿನ_ಬಿಸಿನೀರು:
ಕರೆಂಟಿನ ಕೆಲಸ ಏನೂ ಇಲ್ಲ. ಹಾಲಿನಲ್ಲಿ ಟಿವಿ ಯೂನಿಟ್ ಕೂರಿಸಿದ್ದು, ಅದು ಬಡಗಿ ಕೆಲಸ.

ತಟಸ್ಥ_ತಂತಿ:
ಯಾವಾಗ?

ಬೆಳಗಿನ_ಬಿಸಿನೀರು:
ಈ ಕಾಟ ಶುರುವಾಗೋಕೆ ಒಂದು ದಿನ ಮೊದಲು. ಓ...

ಹಳೇ_ಟೆಸ್ಟರ್:
ಆದರೂ ಎಲಿಮೆಂಟ್ ಒಂದು ಸಲ ಮೆಗ್ಗರ್ (ಎಲ್ಲಾದರೂ ಕರೆಂಟ್ ಸೋರುತ್ತಾ ಅಂತ ಅಳೆಯೋ ಮೀಟರ್) ಹಾಕಿ ನೋಡಿಸಿ.

ತಟಸ್ಥ_ತಂತಿ:
ಯಾರೋ ಒಬ್ಬರನ್ನು ಕರೆಯಬೇಡಿ. ಲೈಸೆನ್ಸ್ ಇರುವ ಕಂಟ್ರಾಕ್ಟರ್, ಕೈಯಲ್ಲಿ ಮೆಗ್ಗರ್ ಇರಬೇಕು. ಪ್ಲಗ್ಗುಗಳನ್ನೆಲ್ಲ ಕಿತ್ತು, ಮೇನ್ ಇಳಿಸಿ, ನ್ಯೂಟ್ರಲ್ ಲಿಂಕಿನಿಂದ (ನ್ಯೂಟ್ರಲ್ ವೈರುಗಳೆಲ್ಲ ಸೇರೋ ಪಟ್ಟಿ) ಒಂದೊಂದೇ ವೈರ್ ಬಿಚ್ಚಿ ಅರ್ಥಿಗೆ 500 ವೋಲ್ಟ್ ಕೊಟ್ಟು ಅಳೆಯಲಿ. ಒಂದು ಮೆಗಾಓಮಿಗಿಂತ ಕಮ್ಮಿ ತೋರಿಸಿದ್ದೇ ಕಳ್ಳ. ನೀವೇ ಕೈ ಹಾಕಬೇಡಿ. ರೇಟನ್ನು ಬರೋ ಮೊದಲೇ ಮಾತಾಡಿಕೊಳ್ಳಿ, ಟೆಸ್ಟಿಗೆ ಬೇರೆ, ರಿಪೇರಿಗೆ ಬೇರೆ. ಟೆಸ್ಟ್ ಮಾಡದೆ ವೈರಿಂಗ್ ಬದಲಿಸಿ ಅನ್ನುವವನಿಗೆ ಕಾಫಿ ಕೊಟ್ಟು ಕಳಿಸಿ.

ಬೆಳಗಿನ_ಬಿಸಿನೀರು:
ಸಿಕ್ಕಿತು!!! ಟೆಸ್ಟಿಗೆ 1,800 ತಗೊಂಡರು, ಒಂದೂವರೆ ಗಂಟೆ ಕೂತು ನೋಡಿದರು. ಗೀಸರ್, ಅಡುಗೆಮನೆ, ಮೇಲಿನ ರೂಮು ಎಲ್ಲ 200 ಮೆಗಾಓಮ್ ಮೇಲೆ. ಹಾಲಿನದು ಸೊನ್ನೆ. ಟಿವಿ ಯೂನಿಟ್ ಬಿಚ್ಚಿಸಿದೆವು. ಬಡಗಿ ಹೊಡೆದ ಎರಡಿಂಚಿನ ಸ್ಕ್ರೂ ಗೋಡೆಯೊಳಗಿನ ಪೈಪನ್ನು ತೂತು ಮಾಡಿ ಒಳಗೆ ಹೋಗಿತ್ತು. ನ್ಯೂಟ್ರಲ್ಲಿನ ಕಪ್ಪು ವೈರು, ಅರ್ಥಿನ ಹಸಿರು ವೈರು ಎರಡರ ಸಿಪ್ಪೆಯೂ ಸುಲಿದು ತಾಮ್ರ ಕಾಣುತ್ತಿತ್ತು, ಸ್ಕ್ರೂ ಎರಡರ ನಡುವೆ ಬೆಣೆ ಹೊಡೆದ ಹಾಗೆ ಕೂತಿತ್ತು. ಫೇಸಿನ ಕೆಂಪು ವೈರಿಗೂ ಸ್ಕ್ರೂವಿನ ಮೊನೆಗೂ ಒಂದು ಅಕ್ಕಿಕಾಳು ಹಿಡಿಸುವಷ್ಟು ಜಾಗ ಇಲ್ಲ. ನೋಡಿ ಬೆವರು ಬಂತು. ಅಷ್ಟು ಉದ್ದ ಹೊಸ ವೈರ್ ಎಳೆದು 600 ತಗೊಂಡರು. ಇವತ್ತು ಗೀಸರ್, ಮಿಕ್ಸಿ, ಇಸ್ತ್ರಿ ಎಲ್ಲ ಒಟ್ಟಿಗೆ ಹಾಕಿದೆ, ಅಲುಗಾಡಲಿಲ್ಲ.

ಲೆಕ್ಕ ಹಾಕಿದೆ: 300, 1,000, 2,200, 1,800, 600. ಒಟ್ಟು 5,900. ಇದರಲ್ಲಿ ಬೇಕಾಗಿದ್ದು ಕೊನೆಯ 2,400 ಮಾತ್ರ. ಬಡಗಿಗೆ ಫೋನ್ ಮಾಡಿದರೆ "ಗೋಡೆಯೊಳಗೆ ವೈರ್ ಇರೋದು ನನಗೇನು ಗೊತ್ತು ಸಾರ್" ಅಂತಾನೆ.

ಡಿಬಿ_ಪ್ರೇಮಿ:
ಅದಕ್ಕೇ ಹೇಳಿದ್ದು, ರೂಮಿಗೊಂದು ಆರ್‌ಸಿಬಿಒ ಇದ್ದಿದ್ದರೆ ಹಾಲಿನದು ಮಾತ್ರ ಬೀಳುತ್ತಿತ್ತು. ಫೋಟೊ ಹಾಕಿದ್ದೇನೆ, ನೋಡಿ.

ಬೆಳಗಿನ_ಬಿಸಿನೀರು:
ಹಳೇ ಆರ್‌ಸಿಸಿಬಿ 40 ಆಂಪ್ಸಿಂದು, ಚೆನ್ನಾಗಿದೆ. ಹಳೇ ಎಲಿಮೆಂಟೂ ಚೆನ್ನಾಗಿದೆ ಅಂದರು. ಶಿವಮೊಗ್ಗದವರು ಯಾರಿಗಾದರೂ ಬೇಕಾ?

ಶಾರ್ಟ್‌ಕಟ್:
ಆರ್‌ಸಿಸಿಬಿ ನನಗೆ ಇಟ್ಟಿರಿ. ಭಾನುವಾರ ಬರುತ್ತೇನೆ.