ಕುಂಡದ ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ, ಚೆಂಡು ಹೂವಿನ ಗಿಡದಲ್ಲಿ ಮೊಗ್ಗೇ ಇಲ್ಲ

ಪ್ರಶ್ನೆ
ಮೂರು ಕುಂಡದಲ್ಲಿ ಟೊಮೆಟೊ, ಎರಡರಲ್ಲಿ ಉದ್ದ ಜಾತಿಯ ಚೆಂಡು ಹೂ. ಎಲ್ಲವೂ 10 ಲೀಟರ್ ಕುಂಡ. ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಉಳಿದರ್ಧ ಮಣ್ಣು ಮತ್ತು ಕಾಂಪೋಸ್ಟ್. ವಾರಕ್ಕೊಮ್ಮೆ ಪ್ರತಿ ಕುಂಡಕ್ಕೂ ಒಂದು ಟೀ ಚಮಚ ಯೂರಿಯಾ ನೀರಲ್ಲಿ ಕರಗಿಸಿ ಹಾಕುತ್ತೇನೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು, ರಜಾ ದಿನ ಮಾತ್ರ ಕುಂಡ ತುಂಬುವಷ್ಟು. ಕಾಯಿ ನಿಂಬೆ ಗಾತ್ರಕ್ಕೆ ಬರುವಾಗ ತಳದಲ್ಲಿ ಕಂದು ಕಲೆ ಬಿದ್ದು, ಆಮೇಲೆ ಕಪ್ಪಾಗಿ ತೊಗಲಿನ ಹಾಗೆ ಒಳಕ್ಕೆ ಕುಸಿಯುತ್ತದೆ. ಮೊಟ್ಟೆ ಸಿಪ್ಪೆಯ ಪುಡಿ ಹಾಕಿ ಹತ್ತು ದಿನವಾಯಿತು, ಏನೂ ಪ್ರಯೋಜನವಿಲ್ಲ. ಚೆಂಡು ಹೂವಿನ ಗಿಡ ಎರಡಡಿ ಬೆಳೆದಿದೆ, ಮೊಗ್ಗಿಲ್ಲ. ಶಿಲೀಂಧ್ರನಾಶಕ ಹೊಡೆಯಲೇ?

ಉತ್ತರ
ಬೇಡ. ಕಲೆ ತೊಟ್ಟಿನ ಹತ್ತಿರ ಬಂದಿದ್ದರೆ, ಅಥವಾ ಎಲೆಯ ಮೇಲೂ ಉಂಗುರದಂಥ ಕಲೆಗಳಿದ್ದರೆ ರೋಗ ಎನ್ನಬಹುದಿತ್ತು. ಹೂ ಅಂಟಿಕೊಂಡಿದ್ದ ತುದಿಯಲ್ಲೇ ಶುರುವಾಗಿ ತೊಗಲಿನಂತಾಗುವುದು ತಳಕೊಳೆ. ಬೆಳೆಯುವ ಕಾಯಿಗೆ ಕ್ಯಾಲ್ಸಿಯಂ ತಲುಪದಿದ್ದಾಗ ಹೀಗಾಗುತ್ತದೆ.

ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಹೀಗಾಗುವುದೇ ಹೆಚ್ಚು. ಅದು ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು, ಆ ನೀರನ್ನು ಎಳೆಯುವುದು ಎಲೆ. ಕಾಯಿಯಿಂದ ನೀರು ಆವಿಯಾಗುವುದು ತೀರಾ ಕಡಿಮೆ, ಹಾಗಾಗಿ ಅದರ ಪಾಲಿಗೆ ಬರುವುದು ಅಳಿದುಳಿದದ್ದು. ಕುಂಡ ಒಂದು ದಿನ ಒಣಗಿ ಮರುದಿನ ಕೆಸರಾದರೆ ಅದೂ ತಪ್ಪುತ್ತದೆ. ಎಲೆಗೆ ಹೋದ ಕ್ಯಾಲ್ಸಿಯಂ ಮತ್ತೆ ಕಾಯಿಗೆ ಇಳಿಯುವುದಿಲ್ಲ, ಆದ್ದರಿಂದ ಎಲೆಗೆ ಸಿಂಪಡಿಸಿದರೆ ಲಾಭ ಅಷ್ಟಕ್ಕಷ್ಟೇ.

ಇದರ ಮೇಲೆ ಯೂರಿಯಾ. ಒಂದು ಚಮಚ ಎಂದರೆ ಸುಮಾರು 4–5 ಗ್ರಾಂ, ಅದರಲ್ಲಿ 46% ಸಾರಜನಕ. ಇಷ್ಟು ಪುಟ್ಟ ಕುಂಡಕ್ಕೆ ವಾರಕ್ಕೆ 2 ಗ್ರಾಂ ಸಾರಜನಕ ವಿಪರೀತವಾಯಿತು. ಎಲೆ ಸೊಂಪಾಗಿ ನೀರನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಯೂರಿಯಾದಿಂದ ಹುಟ್ಟುವ ಅಮೋನಿಯಂ ಬೇರಿನ ಬಳಿ ಕ್ಯಾಲ್ಸಿಯಂಗೆ ಅಡ್ಡಗಾಲು ಹಾಕುತ್ತದೆ. ಕೊಕೊಪೀಟನ್ನು ಸರಿಯಾಗಿ ತೊಳೆಯದಿದ್ದರೆ ಅದೂ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ, ಸೋಡಿಯಂ ಬಿಡುತ್ತದೆ. ಮೊಟ್ಟೆ ಸಿಪ್ಪೆ ಕರಗಲು ತಿಂಗಳುಗಳೇ ಬೇಕು. ಈ ಬೆಳೆಗಂತೂ ಅದು ಒದಗುವುದಿಲ್ಲ.

ಈಗ ಮಾಡಬೇಕಾದ್ದು: ಯೂರಿಯಾ ನಿಲ್ಲಿಸಿ. ತಳದ ತೂತು ತೆರೆದಿದೆಯೇ ನೋಡಿಕೊಂಡು, ಪ್ರತಿ ಕುಂಡಕ್ಕೆ ಒಟ್ಟು 20 ಲೀಟರ್ ನೀರನ್ನು ಮೂರು-ನಾಲ್ಕು ಸಲಕ್ಕೆ ಹಂಚಿ ಬಿಟ್ಟು ಬಿಟ್ಟು ಹಾಕಿ, ಉಳಿದ ಗೊಬ್ಬರದ ಉಪ್ಪು ತೊಳೆಯಿರಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ಇನ್ನು ಮುಂದೆ ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ ನೋಡಿ, ತೇವ ತಾಕದಿದ್ದರೆ ತಳದಿಂದ ನೀರು ಒಸರುವವರೆಗೆ ಹಾಕಿ. ಚೊಂಬಿನ ಲೆಕ್ಕ ಬಿಡಿ. ಬಿಸಿಲು ಜೋರಿದ್ದರೆ ಸಂಜೆಯೂ ಬೇಕಾದೀತು. ಮೇಲೆ ಎರಡಿಂಚು ಒಣಎಲೆಯ ಹೊದಿಕೆ ಇರಲಿ.

ಎರಡು ವಾರದ ನಂತರ ಟೊಮೆಟೊಗೆ ಕ್ಯಾಲ್ಸಿಯಂ ನೈಟ್ರೇಟ್, ಲೀಟರ್ ನೀರಿಗೆ 2 ಗ್ರಾಂ, ಕುಂಡಕ್ಕೆ ಒಂದು ಲೀಟರ್, 15 ದಿನಕ್ಕೊಮ್ಮೆ. ಫಾಸ್ಫೇಟ್ ಅಥವಾ ಸಲ್ಫೇಟ್ ಗೊಬ್ಬರವನ್ನು ಅದೇ ನೀರಿಗೆ ಬೆರೆಸಬೇಡಿ, ಗಸಿಯಾಗಿ ತಳಕ್ಕೆ ಕೂರುತ್ತದೆ.

ಇನ್ನೊಂದು ಉತ್ತರ
ಮೇಲಿನದೆಲ್ಲ ಸರಿ, ಆದರೆ 10 ಲೀಟರ್ ಕುಂಡ ಇಟ್ಟುಕೊಂಡು ತೇವವನ್ನು ಒಂದೇ ಸಮ ಕಾಯುವುದು ಕಷ್ಟ. ಒಂದು ಟೊಮೆಟೊ ಗಿಡಕ್ಕೆ 20 ಲೀಟರ್ ಆದರೂ ಬೇಕು. ಬೇರಿನ ಮುದ್ದೆ ಒಡೆಯದಂತೆ ಸಂಜೆ ಹೊತ್ತು ಬದಲಿಸಿ. ಕೆಳಗಿನ ಎರಡು-ಮೂರು ಎಲೆ ತೆಗೆದು ಕಾಂಡವನ್ನು ಅಷ್ಟು ಆಳಕ್ಕೆ ಹೂಳಿದರೆ ಅಲ್ಲೂ ಬೇರೊಡೆಯುತ್ತದೆ.

ಚೆಂಡು ಹೂವಿಗೂ ಅದೇ ಯೂರಿಯಾ ರೋಗ, ಔಷಧಿಯೂ ಅದೇ: ನಿಲ್ಲಿಸುವುದು. ಕ್ಯಾಲ್ಸಿಯಂ ನೈಟ್ರೇಟಿನಲ್ಲೂ ಸಾರಜನಕವಿದೆ, ಅದನ್ನು ಇದಕ್ಕೆ ಹಾಕಬೇಡಿ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಕುಡಿ ಚಿವುಟಬೇಕಿದ್ದದ್ದು ಗಿಡ ಚಿಕ್ಕದಿದ್ದಾಗ. ಈಗ ಚಿವುಟಿದರೆ ಕವಲು ಬರುತ್ತದೆ, ಹೂ ಇನ್ನಷ್ಟು ತಡ. ರಾತ್ರಿಯಿಡೀ ದೀಪದ ಬೆಳಕು ಬೀಳುವ ಜಾಗವಾದರೆ ಕುಂಡ ಸರಿಸಿ. ಉದ್ದ ಜಾತಿ ಹಗಲು ಚಿಕ್ಕದಿದ್ದಾಗಲೇ ಬೇಗ ಮೊಗ್ಗೊಡೆಯುವುದು.

ಪ್ರಶ್ನೆ ಕೇಳಿದವರು
ಟೊಮೆಟೊ ಹೂವೂ ಉದುರುತ್ತಿದೆ, ತೊಟ್ಟಿನ ಗಂಟಿನಲ್ಲೇ ಕಳಚುತ್ತದೆ. ಇದೂ ಕ್ಯಾಲ್ಸಿಯಂ ಸಮಸ್ಯೆಯೇ?

ಉತ್ತರ
ಅಲ್ಲ, ಅದು ಪರಾಗ ಕಟ್ಟದ ಹೂ. ಹಗಲು 32 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಡುತ್ತದೆ. ಸಾರಜನಕ ಹೆಚ್ಚಾದರೂ ಹೂ ಉದುರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೂಗೊಂಚಲಿನ ಹಿಂದಿನ ಕಾಂಡವನ್ನು ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಪರಾಗ ಅದೇ ಹೂವೊಳಗೆ ಉದುರಿದರೆ ಸಾಕು. ಮಧ್ಯಾಹ್ನ 12ರಿಂದ 3ರವರೆಗೆ ತೆಳು ನೆರಳು ಪರದೆ ಕಟ್ಟಿ. ಈಗಾಗಲೇ ಬೆಳೆಯುತ್ತಿರುವ ಇನ್ನೂ ಕೆಲವು ಕಾಯಿ ಕಪ್ಪಾಗಬಹುದು, ಗಾಬರಿಯಾಗಿ ಮತ್ತೆ ಏನಾದರೂ ಸುರಿಯಬೇಡಿ. ಹೊಸದಾಗಿ ಕಚ್ಚಿದ ಕಾಯಿ ನಿಂಬೆ ಗಾತ್ರ ದಾಟಿದ ಮೇಲೆ ಅದರ ತಳದ ಫೋಟೊ ಹಾಕಿ.