ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ 1911ರ ರೂಪಾಯಿಗೆ ಗ್ರೇಡಿಂಗ್ ಮಾಡಿಸಬಹುದೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಟ್ಟದಲ್ಲಿದ್ದ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖವಿರುವ 1911ರ ಎರಡು ಬೆಳ್ಳಿ ರೂಪಾಯಿಗಳು ದೊರೆತಿವೆ. ಒಂದನ್ನು ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಿದ್ದುದರಿಂದ ಅದು ಫಳಫಳ ಹೊಳೆಯುತ್ತದೆ. ಇನ್ನೊಂದು ಬಟ್ಟೆಯ ಗಂಟಿನಲ್ಲೇ ಉಳಿದು, ಅಂಚಿನಲ್ಲಿ ನೀಲಿ ಬೆರೆತ ಕಪ್ಪು ಬಣ್ಣಕ್ಕೆ ತಿರುಗಿದೆ. ಅದನ್ನೂ ತೊಳೆದು, ಎರಡನ್ನೂ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆಗಳಾದ ಎನ್‌ಜಿಸಿ ಅಥವಾ ಪಿಸಿಜಿಎಸ್‌ಗೆ ಕಳುಹಿಸಿ ಗ್ರೇಡಿಂಗ್, ಅಂದರೆ ನಾಣ್ಯದ ಸ್ಥಿತಿಗೆ ತಕ್ಕ ದರ್ಜೆ, ಪಡೆಯಬೇಕೆಂದಿದ್ದೇನೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ 1 (ಶಿವಮೊಗ್ಗದಿಂದ)
ಮಾನ್ಯರೇ, ಕಪ್ಪಾದ ನಾಣ್ಯವನ್ನು ದಯವಿಟ್ಟು ತೊಳೆಯಬೇಡಿ. ಆ ಕಪ್ಪು ಕೊಳೆಯಲ್ಲ. ಬೆಳ್ಳಿ ಗಾಳಿಯಲ್ಲಿರುವ ಗಂಧಕದೊಡನೆ ಬೆರೆತು ವರ್ಷಾನುವರ್ಷ ಕಟ್ಟಿಕೊಂಡ ತೆಳುಪದರ. ಗ್ರೇಡಿಂಗ್‌ನಲ್ಲಿ 1ರಿಂದ 70ರವರೆಗೆ ಅಂಕಗಳಿದ್ದು, ಚಲಾವಣೆಯ ಸವೆತವಿಲ್ಲದ ನಾಣ್ಯಗಳಿಗೆ 60 ಮತ್ತು ಅದಕ್ಕಿಂತ ಮೇಲಿನ ಅಂಕ ಸಿಗುತ್ತದೆ. ಆದರೆ ತಿಕ್ಕಿದ ನಾಣ್ಯಕ್ಕೆ ಅಂಕವನ್ನೇ ಕೊಡದೆ, 'ಡೀಟೇಲ್ಸ್' (ಅಂದರೆ ನಾಣ್ಯ ಅಸಲಿ, ಆದರೆ ಮೇಲ್ಮೈಗೆ ಹಾನಿಯಾಗಿದೆ) ಎಂದು ಬರೆದು ಡಬ್ಬಿಯಲ್ಲಿಟ್ಟು ಹಿಂದಿರುಗಿಸುವುದೇ ವಾಡಿಕೆ. ನೀವೇ ಪರೀಕ್ಷಿಸಿ ನೋಡಿ: ಕತ್ತಲೆ ಕೋಣೆಯಲ್ಲಿ ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ಮೆಲ್ಲನೆ ಓರೆ ಮಾಡಿದರೆ, ಸವೆಯದ, ತಿಕ್ಕದ ನಾಣ್ಯದ ಮೇಲೆ ಬೆಳಕಿನ ಪಟ್ಟಿಯೊಂದು ಗಾಡಿಯ ಚಕ್ರದಂತೆ ಸುತ್ತುತ್ತದೆ, ತಿಕ್ಕಿದ್ದರ ಮೇಲೆ ಕೂದಲಿನಷ್ಟು ತೆಳುವಾದ ಗೀರುಗಳು ಎದ್ದು ಕಾಣುತ್ತವೆ. ದೊರೆಯ ನಿಲುವಂಗಿಯ ಮೇಲಿನ ಆನೆಯನ್ನೂ ಗಮನಿಸಿ. 1911ರಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಮೂಡಿ, ಹಂದಿಯಂತಿದೆಯೆಂದು ಜನ ಆಕ್ಷೇಪಿಸಿದ್ದರಿಂದ 1912ರಲ್ಲಿ ಚಿತ್ರವನ್ನು ತಿದ್ದಲಾಯಿತು. ನಿಮ್ಮ ನಾಣ್ಯಕ್ಕೆ ಬೇಡಿಕೆಯಿರುವುದು ಆ ಕಾರಣಕ್ಕೇ.

ಉತ್ತರ 2 (ಸಾಗರದಿಂದ)
ಅದಕ್ಕಿಂತ ಮೊದಲು ಕಾನೂನನ್ನು ನೋಡಬೇಕು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತುವಾಗಿದ್ದು, ಅದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಆದ್ದರಿಂದ ನಿಮ್ಮ ಎರಡೂ ರೂಪಾಯಿಗಳು ಅಮೆರಿಕಕ್ಕೆ ಹೋಗಲಾರವು. ನಮ್ಮ ಊರಿನ ಸುತ್ತಮುತ್ತಲ ಮನೆಗಳಲ್ಲಿ ಇಂದಿಗೂ ಇರುವ ಇಕ್ಕೇರಿ ವರಾಹಗಳೆಂಬ ಹಳೆಯ ಚಿನ್ನದ ನಾಣ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವುಗಳಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕೊಂಡಿ ತೆಗೆಸಿದರೂ ಬೆಸುಗೆಯ ಗುರುತು ಹೋಗುವುದಿಲ್ಲ.

ಉತ್ತರ 3 (ಹೊಸನಗರದಿಂದ)
ಗ್ರೇಡಿಂಗ್ ಆಗಲಿ ಬಿಡಲಿ, ಮಳೆಗಾಲಕ್ಕೆ ಮುಂಚೆ ನಾಣ್ಯವನ್ನು ಸರಿಯಾಗಿ ಎತ್ತಿಡಿ. ನಾನು ಮೆತ್ತನೆಯ ಪಿವಿಸಿ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಗಳ ಆಲ್ಬಮ್‌ನಲ್ಲಿಟ್ಟಿದ್ದ ರೂಪಾಯಿಗಳ ಮೇಲೆ ಎರಡೇ ಮಳೆಗಾಲಕ್ಕೆ ಹಸಿರು ಬಣ್ಣದ ಅಂಟು ಕಟ್ಟಿ, ಮೂರು ನಾಣ್ಯಗಳು ಕೆಟ್ಟವು. ಪಿವಿಸಿ ಇಲ್ಲದ ಗಟ್ಟಿ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವಿಟ್ಟು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಿರಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಕೃತಜ್ಞತೆಗಳು. ಇಂದು ಅಕ್ಕಸಾಲಿಗರಲ್ಲಿ ಎರಡನ್ನೂ ತೂಗಿಸಿದೆ. ಮೂಲ ತೂಕ 11.66 ಗ್ರಾಂ ಇರಬೇಕಾದಲ್ಲಿ ಕಪ್ಪಾದದ್ದು 11.6 ಗ್ರಾಂ ಇದೆ, ಹೊಳೆಯುವುದು 11.4ಕ್ಕೆ ಇಳಿದಿದೆ. ಕಪ್ಪಾದದ್ದು ಹಾಗೆಯೇ ಡಬ್ಬಿಯಲ್ಲಿರಲಿ. ಅಜ್ಜಿ ತೊಳೆಯುತ್ತಿದ್ದುದನ್ನೇ ಈ ದೀಪಾವಳಿಗೂ ಪೂಜೆಗೆ ಇಡುತ್ತೇವೆ, ಹುಣಸೆಹಣ್ಣು ಮುಟ್ಟಿಸದೆ.