ಹೆಂಗಸರ ಪತ್ರಿಕೆ ಮನೆಮಂದಿಗೆಲ್ಲ ಯಾಕೆ?

(ಮನೆಯವರ ಮೊಬೈಲ್ ಗುಂಪಿನಲ್ಲಿ ನಡೆದ ಮಾತುಕತೆ)

ವಿದ್ಯಾ: (4 ಫೋಟೊ) ಈ ಮಾಸಪತ್ರಿಕೆ ನೋಡಿ. ರಂಗೋಲಿ, ನಿಪ್ಪಟ್ಟು, ರಕ್ತಹೀನತೆ ಬಗ್ಗೆ ಲೇಖನ, ಪದಬಂಧ. ಅಜ್ಜಿಯಿಂದ ಚಿನ್ನುವರೆಗೂ ಎಲ್ಲರಿಗೂ ಏನಾದರೂ ಇದೆ. ಮೈಸೂರು ಮನೆಗೆ ಚಂದಾ ಕಟ್ಟೋಣ್ವಾ?

ರಘು ಚಿಕ್ಕಪ್ಪ: ಮುಖಪುಟದಲ್ಲೇ 'ಮಹಿಳಾ' ಅಂತ ಇದೆ. ಎಲ್ಲರಿಗೂ ಅಂದರೆ ಹೇಗಮ್ಮ?

ಕಾರ್ತಿಕ್: ಚಂದಾ ಯಾಕೆ? ಪಿಡಿಎಫ್ ಸಿಗುತ್ತೆ, ಇಲ್ಲೇ ಹಾಕ್ತೀನಿ. ಅಡುಗೆ ಎಲ್ಲಾ ಯೂಟ್ಯೂಬಲ್ಲೇ ಇದೆ.

ಪದ್ಮಾ ಅತ್ತೆ: ಮೊದಲು ರಂಗೋಲಿ ನೋಡ್ರೋ. 15ರಿಂದ 8 ಚುಕ್ಕಿ ಅಂತ ಮಾತ್ರ ಕಾಣ್ತಿದೆ. ಒಂದರ ಕೆಳಗೊಂದು ಇಡೋ ನೇರ ಚುಕ್ಕಿನಾ, ಎರಡರ ನಡುವಿನ ಸಂದಿಗೆ ಇಡೋ ಸಂದು ಚುಕ್ಕಿನಾ ಅನ್ನೋದೇ ಇಲ್ಲ. ಪತ್ರಿಕೆಯೋರು ಬರೀಬೇಕಿತ್ತು.

ವಿದ್ಯಾ: ಬರೆದಿದ್ದಾರೆ ಅತ್ತೆ, ಕೆಳಗಿನ ಸಾಲಲ್ಲಿ. ಫೋಟೊ ತೆಗೆಯೋವಾಗ ಅದು ಕಟ್ ಆಗಿದೆ. ಸಂದು ಚುಕ್ಕಿ.

ಪದ್ಮಾ ಅತ್ತೆ: ಹಾಗಿದ್ರೆ ಸರಿ. ನೇರ ಚುಕ್ಕಿ ಆಗಿದ್ರೆ ಪ್ರತಿ ಸಾಲಿಗೂ ಎರಡೆರಡು ಕಡಿಮೆ ಆಗಬೇಕು: 15, 13, 11, 9, 7. ಎಂಟು ಬರೋದೇ ಇಲ್ಲ. ಸಂದು ಚುಕ್ಕಿಯಲ್ಲಿ ಒಂದೊಂದೇ ಕಡಿಮೆ. ನಡುವೆ 15, ಮೇಲೆ ಕೆಳಗೆ ಎರಡೂ ಕಡೆ 14, 13 ಹೀಗೆ 8ರವರೆಗೆ. ಆರು ಮೂಲೆ ಬರುತ್ತೆ. ಚಿನ್ನುಗೆ ಹೇಳು, ಒಟ್ಟು ಎಷ್ಟು ಚುಕ್ಕಿ ಅಂತ ಎಣಿಸದೆ ಲೆಕ್ಕ ಹಾಕಲಿ. 169 ಬರಬೇಕು.

ರಘು ಚಿಕ್ಕಪ್ಪ: ಲೆಕ್ಕ ಚೆನ್ನಾಗಿದೆ. ಆದರೂ ನನ್ನ ತಕರಾರು ಬೇರೆ. ಮೂರನೇ ಫೋಟೊ ಪಕ್ಕದ ಕಾಲಂ ಓದಿ: 'ಮುಖದ ಕಾಂತಿಗೆ ನಿಂಬೆರಸ ಹಚ್ಚಿ, ಅರ್ಧ ಗಂಟೆ ಬಿಡಿ.' ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗಾಗಿ ಗುಳ್ಳೆ ಏಳಬಹುದು, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತೆ. ನಿಂಬೆ ಜಾತಿಯ ರಸದಲ್ಲಿರೋ ಕೆಲವು ಅಂಶ ಬಿಸಿಲು ತಾಗಿದಾಗ ಹಾಗೆ ಮಾಡುತ್ತೆ. ಇಂಥದ್ದನ್ನ ಹದಿನಾಲ್ಕರ ಹುಡುಗಿ ಕೈಗೆ ಕೊಡಬೇಕಾ?

ಶಾರದಾ ದೊಡ್ಡಮ್ಮ: ಅದು ತಪ್ಪೇ ರಘು, ಒಪ್ಪಿದೆ. ಆದರೆ ಅದೇ ಪುಟದ ರಕ್ತಹೀನತೆ ಲೇಖನ ಓದಿದ್ಯಾ? ಕಬ್ಬಿಣಾಂಶದ ಮಾತ್ರೆ ತಗೊಂಡ ಹೊತ್ತಲ್ಲೇ ಕಾಫಿ, ಟೀ ಕುಡಿಯಬಾರದು, ಒಂದೆರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಬೇಡ, ಬೇರೆ ಹೊತ್ತಿಗೆ. ನಿಂಬೆ ಪಾನಕ, ಕಿತ್ತಳೆ ಇದ್ದರೆ ಒಳ್ಳೇದು. ಮಲ ಕಪ್ಪಾದರೆ ಗಾಬರಿಯಾಗಿ ಮಾತ್ರೆ ನಿಲ್ಲಿಸಬೇಡಿ ಅಂತಲೂ ಇದೆ. ಎಷ್ಟೋ ಜನ ಮಾತ್ರೆ ಬಿಡೋದೇ ಆ ಭಯಕ್ಕೆ. ಅದು ಹುಡುಗಿಗೂ ಬೇಕು, ಅಜ್ಜಿಗೂ ಬೇಕು, ಮಾತ್ರೆ ತಂದುಕೊಡೋ ಗಂಡಸಿಗೂ ಬೇಕು.

ವಿದ್ಯಾ: ಚಿಕ್ಕಪ್ಪ, ಹೆಂಗಸರ ಪತ್ರಿಕೆ ಇಡೀ ಮನೆಗೆ ಅನ್ನೋದು ಇವತ್ತಿನ ಮಾತಲ್ಲ. 'ಸರಸ್ವತಿ' ಅನ್ನೋ ಮಹಿಳಾ ಪತ್ರಿಕೆಯನ್ನ ನಾಲ್ಕು ದಶಕ ನಡೆಸಿದ ಆರ್. ಕಲ್ಯಾಣಮ್ಮ ಅವರೇ 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದ್ದು. ಅದಕ್ಕೂ ಮುಂಚೆ ನಂಜನಗೂಡು ತಿರುಮಲಾಂಬ 'ಕರ್ನಾಟಕ ನಂದಿನಿ' ಅನ್ನೋ ಮಹಿಳಾ ಪತ್ರಿಕೆ ನಡೆಸಿದರು. ಹೆಂಗಸರಿಗೆ ಅಂತ ಬರೆದರೆ ಮಕ್ಕಳನ್ನ ಹೊರಗಿಟ್ಟ ಹಾಗೆ ಅಂತ ಅವರ್ಯಾರೂ ಅಂದುಕೊಂಡಿರಲಿಲ್ಲ.

ಕಾರ್ತಿಕ್: ಪಿಡಿಎಫ್ ಹಾಕ್ಲಾ ಬೇಡ್ವಾ?

ಶಾರದಾ ದೊಡ್ಡಮ್ಮ: ಬೇಡಪ್ಪ. ದುಡ್ಡು ಕೊಟ್ಟು ಓದೋ ಪತ್ರಿಕೆ ಅದು. 2020ರಲ್ಲಿ ಹಿಂದಿ ದಿನಪತ್ರಿಕೆ ದೈನಿಕ್ ಜಾಗರಣ್‌ನ ಇ-ಪೇಪರನ್ನ ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹಂಚುತ್ತಿದ್ದಾಗ ದೆಹಲಿ ಹೈಕೋರ್ಟ್ 48 ಗಂಟೆಯೊಳಗೆ ಅವನ್ನ ತೆಗೀರಿ ಅಂತ ಆದೇಶ ಕೊಟ್ಟಿತ್ತು. ಇನ್ನು ಯೂಟ್ಯೂಬ್ ವಿಷಯ. 'ಸ್ವಲ್ಪ ಎಣ್ಣೆ', 'ಬೇಕಾದಷ್ಟು ನೀರು' ಅಂದರೆ ಹೊಸಬರಿಗೆ ಏನು ಗೊತ್ತಾಗುತ್ತೆ? ಇಲ್ಲಿ ನಿಪ್ಪಟ್ಟಿಗೆ ಅಕ್ಕಿ ಹಿಟ್ಟು 2 ಲೋಟ, ಹುರಿಗಡಲೆ ಪುಡಿ ಕಾಲು ಲೋಟ, ಕಾದ ಎಣ್ಣೆ 3 ದೊಡ್ಡ ಚಮಚ, ಒಂದು ಚಮಚ ಅಂದರೆ 15 ಮಿ.ಲೀ. ಅಂತ ಬರೆದಿದ್ದಾರೆ. ಆ ಒಂದು ಮಾತಿಗೆ ನಾನು ಪತ್ರಿಕೆಗೆ ಬೆಲೆ ಕೊಡ್ತೀನಿ. ಟೀ ಚಮಚ 5 ಮಿ.ಲೀ. ಅದರಲ್ಲಿ ಅಳೆದರೆ ಎಣ್ಣೆ ಮೂರರಲ್ಲಿ ಒಂದು ಪಾಲು ಆಗಿ ನಿಪ್ಪಟ್ಟು ಕಲ್ಲಾಗುತ್ತೆ. ಅಳತೆ ಮೀರಿದರೆ ಬಾಣಲೆಯಲ್ಲೇ ಪುಡಿಪುಡಿ.

ಪದ್ಮಾ ಅತ್ತೆ: ತಟ್ಟಿದ ಮೇಲೆ ಫೋರ್ಕಿಂದ ಅಲ್ಲಲ್ಲಿ ಚುಚ್ಚಬೇಕು, ಇಲ್ಲದಿದ್ರೆ ಪೂರಿ ಥರ ಉಬ್ಬಿಬಿಡುತ್ತೆ. ಉರಿ ಜೋರಿದ್ರೆ ಹೊರಗೆ ಕೆಂಪು, ಒಳಗೆ ಹಸಿ. ಮಾರನೇ ದಿನವೇ ಮೆತ್ತಗಾಗುತ್ತೆ. ಅದನ್ನೂ ಬರೆದಿದ್ದಾರೆ ಪಾಪ.

ರಘು ಚಿಕ್ಕಪ್ಪ: ನಾನು ಅಡುಗೆ ಪುಟ ಬೇಡ ಅಂದಿಲ್ಲ. ಅಳತೆಯಲ್ಲಿ ಇಷ್ಟು ಜಾಗ್ರತೆ ಇರೋರು ಚರ್ಮದ ವಿಷಯದಲ್ಲಿ ಯಾಕೆ ಕಣ್ಣು ಮುಚ್ಚಿಕೊಂಡು ಹಾಕ್ತಾರೆ ಅಂತ ಕೇಳ್ತಿದ್ದೀನಿ. ಬೆಳ್ಳಗಾಗಬೇಕು ಅನ್ನೋದನ್ನೇ ತಿಂಗಳು ತಿಂಗಳೂ ಓದಿದರೆ ಮಕ್ಕಳ ತಲೆಯಲ್ಲಿ ಅದೇ ಕೂರುತ್ತೆ. ಚಂದಾ ಕಟ್ಟೋದಿದ್ರೆ ಆರು ತಿಂಗಳಿಗೆ ಮಾತ್ರ ಕಟ್ಟಿ.

ವಿದ್ಯಾ: ಒಪ್ಪಿದೆ ಚಿಕ್ಕಪ್ಪ. ಅಂಚೆಯಲ್ಲಿ ತರಿಸೋದಾ, ಪೇಪರ್ ಏಜೆಂಟ್ ಹತ್ರಾನಾ?

ಶಾರದಾ ದೊಡ್ಡಮ್ಮ: ಏಜೆಂಟೇ ವಾಸಿ. ತಿಂಗಳ ಪೇಪರ್ ಬಿಲ್ಲಲ್ಲೇ ಸೇರಿಸ್ತಾರೆ, ಬೇಡ ಅನ್ನಿಸಿದಾಗ ನಿಲ್ಲಿಸಬಹುದು, ಆರು ತಿಂಗಳ ಮಾತೂ ಬರಲ್ಲ. ಸಾದಾ ಅಂಚೆಯಲ್ಲಿ ಬಂದರೆ ಟ್ರ್ಯಾಕಿಂಗ್ ಇರಲ್ಲ, ಎಲ್ಲಿ ತಪ್ಪಿತು ಅಂತ ಗೊತ್ತಾಗೋದೇ ಇಲ್ಲ. ಅಂಚೆಯೇ ಬೇಕು ಅಂದರೆ ಲಕೋಟೆ ಮೇಲಿನ ಲೇಬಲಲ್ಲಿರೋ ಚಂದಾ ಸಂಖ್ಯೆ ಬರೆದಿಟ್ಕೋ. ಸಂಚಿಕೆ ಬರದಿದ್ರೆ ಆ ಸಂಖ್ಯೆ ಹಾಕಿ ಅದೇ ತಿಂಗಳು ಕೇಳಬೇಕು. ತಡವಾದರೆ ಹಳೇ ಪ್ರತಿ ಸಿಗೋದು ಕಷ್ಟ.

ಕಾರ್ತಿಕ್: ಸರಿ ದೊಡ್ಡಮ್ಮ, ಪಿಡಿಎಫ್ ಹಾಕಲ್ಲ. ಏಜೆಂಟಿಗೆ ನಾಳೆ ನಾನೇ ಹೇಳ್ತೀನಿ. ಪದಬಂಧ ಮಾತ್ರ ಮೊದಲೇ ಯಾರೂ ತುಂಬಬೇಡಿ, ತಾತನಿಗೆ ಬಿಡಿ.

ಪದ್ಮಾ ಅತ್ತೆ: ನಿಂಬೆರಸದ ಬಗ್ಗೆ ಸಂಪಾದಕರಿಗೆ ನಾನು ಬರೀತೀನಿ. ರಘು ಹೇಳಿದ್ದನ್ನೇ ನಾಲ್ಕು ಸಾಲಲ್ಲಿ. ವಿದ್ಯಾ, ಯಾವ ತಿಂಗಳ ಸಂಚಿಕೆ, ಪುಟ ಎಷ್ಟು, ಕಾಲಂ ಹೆಸರೇನು ಕಳಿಸು. ಅವು ಮೂರೂ ಇಲ್ಲದಿದ್ರೆ ಅವರಿಗೆ ಹುಡುಕೋಕೆ ಆಗಲ್ಲ.

ರಘು ಚಿಕ್ಕಪ್ಪ: ಬರೀರಿ ಅಕ್ಕ. ತಿದ್ದುಪಡಿ ಹಾಕ್ತಾರಾ ಅಂತ ಮುಂದಿನ ಎರಡು ಸಂಚಿಕೆ ನಾನೇ ನೋಡ್ತೀನಿ.